ತೆಂಗಿನ ಸೀಮೆಯ ಪ್ರೇಕ್ಷಕರೂ ಸಿ. ಐ. ಡಿ. ೯೯೯ ಚಿತ್ರಗಳೂ : ಒಂದು ಅಭಿಪ್ರಾಯಭೇದದ ಚರಿತ್ರೆ

೧

ತುಮಕೂರು ಜಿಲ್ಲೆಯ ಚರಿತ್ರೆಯನ್ನು ಅಭ್ಯಾಸಮಾಡ ಹೊರಟವರು ಸಾಮಾನ್ಯವಾಗಿ ಮೊದಲು ತೆರೆಯುವುದು ರೈಸ್ ಅವರು ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಹನ್ನೆರಡನೆಯ ಸಂಪುಟವನ್ನು. ಈ ಜಿಲ್ಲೆಯ ವೀರಗಲ್ಲುಗಳೂ ದಾನಶಾಸನಗಳೂ ಅಲ್ಲಿ ಸಂಗ್ರಹವಾಗಿವೆ. ಕೆರೆಯನ್ನು ಕಟ್ಟಿಸಿದವರಾರು, ಗುಡಿಗೆ ಭೂಮಿಯನ್ನು ಬಿಟ್ಟವರಾರು ಎಂಬುದನ್ನು ಅವು ತಿಳಿಸುತ್ತವೆ. ಆ ಕೆರೆಯನ್ನೂ ಗುಡಿಯನ್ನೂ ಕಂಡ ಜನರು ಏನೆಂದುಕೊಂಡರು ಎಂಬ ಪ್ರಶ್ನೆಗೆ ಮಾತ್ರ ಅವುಗಳಲ್ಲಿ ಉತ್ತರವಿಲ್ಲ. ಮಾಡಿದವರ ಹೆಸರು ಕಲ್ಲಿನ ಮೇಲೆ ನಿಂತಿತು; ನೋಡಿದವರ ಮಾತು ಅಂದಂದಿಗೇ ಕರಗಿಹೋಯಿತು.

ಕನ್ನಡ ಚಲಚ್ಚಿತ್ರದ ಚರಿತ್ರೆಯೂ ಈವರೆಗೆ ಬಹುಮಟ್ಟಿಗೆ ಇದೇ ರೀತಿಯಲ್ಲಿ ರಚಿತವಾಗಿದೆ. ನಿರ್ಮಾಪಕರು, ನಿರ್ದೇಶಕರು, ನಟನಟಿಯರು, ಬಿಡುಗಡೆಯಾದ ವರ್ಷ, ಬಂದ ಪ್ರಶಸ್ತಿಗಳು ಇವೆಲ್ಲ ದಾಖಲೆಯಾಗಿವೆ. ಪ್ರೇಕ್ಷಕನು ಮಾತ್ರ ಆ ದಾಖಲೆಗಳಲ್ಲಿ ‘ಚಿತ್ರವು ಯಶಸ್ವಿಯಾಯಿತು’ ಎಂಬ ಒಂದು ವಾಕ್ಯದ ಹಿಂದೆ ಅಡಗಿದ್ದಾನೆ. ಅವನು ಏಕೆ ಮೆಚ್ಚಿದನು, ಮೆಚ್ಚದಿದ್ದವನು ಏಕೆ ಮೆಚ್ಚಲಿಲ್ಲ, ಒಂದೇ ಡೇರೆಯಲ್ಲಿ ಒಂದೇ ರಾತ್ರಿ ಕುಳಿತ ಇಬ್ಬರು ಬೇರೆ ಬೇರೆ ಮಾತುಗಳನ್ನು ಆಡುತ್ತ ಹೊರಬಂದುದೇಕೆ ಎಂಬುದು ವಿಚಾರಣೆಗೆ ಬಂದುದು ಕಡಿಮೆ.

ಪ್ರಕೃತ ಲೇಖನದಲ್ಲಿ ನಾವು ಅಂತಹ ಒಂದು ಅಭಿಪ್ರಾಯಭೇದವನ್ನು ಪರಿಶೀಲಿಸಲು ಯತ್ನಿಸಿದ್ದೇವೆ. ವಿಷಯವು ೧೯೬೮ರಲ್ಲಿ ತೆರೆಕಂಡ ‘ಜೇಡರ ಬಲೆ’ ಮತ್ತು ಅದನ್ನು ಹಿಂಬಾಲಿಸಿದ ಸಿ. ಐ. ಡಿ. ೯೯೯ ಚಿತ್ರಗಳು. ಸ್ಥಳವು ತುರುವೇಕೆರೆ ತಾಲ್ಲೂಕಿನ ದಂಡಿನಶಿವರ ಹೋಬಳಿ ಮತ್ತು ಅದನ್ನು ಸುತ್ತುವರಿದ ತಿಪಟೂರು, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆ. ಈ ಚಿತ್ರಗಳಲ್ಲಿ ಹೊಡೆದಾಟವೂ ಪತ್ತೇದಾರಿಕೆಯೂ ಹಾಸ್ಯವೂ ಬೆರೆತಿವೆ. ನಾಯಕನಾದ ಪತ್ತೇದಾರನ ಪಕ್ಕದಲ್ಲಿ ಒಬ್ಬ ವಿನೋದದ ಜತೆಗಾರನಿದ್ದಾನೆ. ನಾಯಕನ ಪಾತ್ರವನ್ನು ವಹಿಸಿದವರು ರಾಜಕುಮಾರ್. ಜತೆಗಾರನ ಪಾತ್ರವನ್ನು ವಹಿಸಿದವರು ತಿಪಟೂರಿನಲ್ಲಿಯೇ ಹುಟ್ಟಿದ ಟಿ. ಆರ್. ನರಸಿಂಹರಾಜು. ಈ ಎರಡನೆಯ ಸಂಗತಿಯೇ ನಮ್ಮ ಚರ್ಚೆಗೆ ದಾರಿಯನ್ನು ತೋರಿಸುತ್ತದೆ.

೨

ಮೊದಲು ಚಿತ್ರಗಳ ವಿಚಾರ. ಇಯಾನ್ ಫ್ಲೆಮಿಂಗನ ಜೇಮ್ಸ್ ಬಾಂಡ್ ಕಾದಂಬರಿಗಳು ಇಂಗ್ಲೆಂಡಿನಲ್ಲಿ ೧೯೫೩ರಿಂದ ಪ್ರಕಟವಾಗತೊಡಗಿದುವು. ಅವುಗಳನ್ನು ಆಧರಿಸಿದ ಚಿತ್ರಮಾಲೆಯು ೧೯೬೨ರಲ್ಲಿ ‘ಡಾಕ್ಟರ್ ನೋ’ ಚಿತ್ರದಿಂದ ಆರಂಭವಾಯಿತು. ನಾಲ್ಕು ವರ್ಷಗಳೊಳಗೆ ಅದರ ಪ್ರಭಾವವು ದಕ್ಷಿಣ ಭಾರತಕ್ಕೆ ಮುಟ್ಟಿತು. ತೆಲುಗಿನಲ್ಲಿ ‘ಗೂಢಚಾರಿ ೧೧೬’, ತಮಿಳಿನಲ್ಲಿ ‘ವಲ್ಲವನ್ ಒರುವನ್’ ಎರಡೂ ೧೯೬೬ರಲ್ಲಿ ಬಂದುವು. ಮರುವರ್ಷ ಹಿಂದಿಯಲ್ಲಿ ‘ಫರ್ಜ್’ ಬಂದಿತು. ಕನ್ನಡದಲ್ಲಿ ಈ ಬಗೆಯ ಮೊದಲ ಚಿತ್ರವೆಂದು ಸಾಮಾನ್ಯವಾಗಿ ಪರಿಗಣಿತವಾಗಿರುವುದು ‘ಜೇಡರ ಬಲೆ’. ಛಾಯಾಗ್ರಾಹಕರಾಗಿದ್ದ ಬಿ. ದೊರೈರಾಜ್ ಮತ್ತು ಎಸ್. ಕೆ. ಭಗವಾನ್ ಇಬ್ಬರೂ ಜೊತೆಗೂಡಿ ದೊರೈ-ಭಗವಾನ್ ಎಂಬ ಹೆಸರಿನಿಂದ ನಿರ್ದೇಶಿಸಿದ ಮೊದಲನೆಯ ಚಿತ್ರವೂ ಇದೇ. ಜಯಂತಿ, ಉದಯಕುಮಾರ್, ನರಸಿಂಹರಾಜು ಮೊದಲಾದವರು ಅದರಲ್ಲಿದ್ದರು, ಸಂಗೀತವು ಜಿ. ಕೆ. ವೆಂಕಟೇಶರದು. ಅದೇ ವರ್ಷ ‘ಗೋವಾದಲ್ಲಿ ಸಿ. ಐ. ಡಿ. ೯೯೯’ ಬಂದಿತು; ನಟಿ ಲಕ್ಷ್ಮಿಯವರಿಗೆ ಅದು ಮೊದಲ ಕನ್ನಡ ಚಿತ್ರ. ೧೯೬೯ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ. ಐ. ಡಿ. ೯೯೯’ ಬಂದಿತು, ಮುಂದೆ ಹಿಂದಿಯಲ್ಲಿ ಪ್ರಸಿದ್ಧರಾದ ರೇಖಾ ಅವರು ಅದರ ನಾಯಿಕೆ. ಅನಂತರ ಒಂಬತ್ತು ವರ್ಷಗಳ ಬಿಡುವು. ೧೯೭೮ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಬಣ್ಣದಲ್ಲಿ ಬಂದು ಈ ಮಾಲೆಯು ಕೊನೆಗೊಂಡಿತು.

ಇವು ತೆರೆಕಂಡ ಕಾಲವನ್ನು ಗಮನಿಸಬೇಕು. ೧೯೬೨ರ ಚೀಣಾ ಯುದ್ಧ ಮತ್ತು ೧೯೬೫ರ ಪಾಕಿಸ್ತಾನ ಯುದ್ಧಗಳ ತರುವಾಯ ‘ಗೂಢಚಾರ’ ಎಂಬ ಮಾತು ಹಳ್ಳಿಗಳಲ್ಲಿಯೂ ಬಳಕೆಗೆ ಬಂದಿದ್ದಿತು. ಗೋವಾ ೧೯೬೧ರ ಡಿಸೆಂಬರಿನಲ್ಲಿ ಪೋರ್ಚುಗೀಸರ ಕೈಯಿಂದ ಬಿಡುಗಡೆಯಾಗಿ ಇನ್ನೂ ಏಳು ವರ್ಷಗಳು ಮಾತ್ರ ಕಳೆದಿದ್ದುವು. ೧೯೬೩ರ ಜನವರಿಯಲ್ಲಿ ಚಿನ್ನದ ನಿಯಂತ್ರಣದ ನಿಯಮಗಳು ಜಾರಿಗೆ ಬಂದು, ಹದಿನಾಲ್ಕು ಕ್ಯಾರೆಟ್ಟಿಗಿಂತ ಹೆಚ್ಚಿನ ಶುದ್ಧತೆಯ ಒಡವೆಗಳನ್ನು ಹೊಸದಾಗಿ ಮಾಡುವುದು ನಿಷಿದ್ಧವಾದಾಗ ದೇಶದ ಅಕ್ಕಸಾಲಿಗರ ಕಸುಬಿಗೆ ದೊಡ್ಡ ಪೆಟ್ಟು ಬಿದ್ದಿತು. ಚಿನ್ನದ ನಿಯಂತ್ರಣದ ಅಧಿನಿಯಮವು ‘ಜೇಡರ ಬಲೆ’ ಬಂದ ೧೯೬೮ರಲ್ಲಿಯೇ ಜಾರಿಯಾಯಿತು. ಆದುದರಿಂದ ಕಳ್ಳಸಾಗಣೆ, ಗುಪ್ತಪೊಲೀಸು, ದೇಶದ್ರೋಹಿಗಳ ಕೂಟ ಮೊದಲಾದವುಗಳು ಪಾಶ್ಚಾತ್ಯ ಚಿತ್ರಗಳಿಂದ ಎರವಲು ಬಂದ ಕಲ್ಪನೆಗಳು ಮಾತ್ರವೆಂದು ಭಾವಿಸಲಾಗದು. ಮಗಳ ಮದುವೆಗೆ ಚಿನ್ನ ಕೊಳ್ಳಬೇಕಾದ ರೈತನಿಗೂ ಅವು ವಾರ್ತೆಯಾಗಿದ್ದುವು.

೩

ಇನ್ನು ಪ್ರೇಕ್ಷಕರ ಸೀಮೆಯ ವಿಚಾರ. ದಂಡಿನಶಿವರವೆಂಬ ಹೆಸರು ದಂಡು ಬೀಡುಬಿಟ್ಟ ಸ್ಥಳವೆಂಬ ಅರ್ಥವನ್ನು ಸೂಚಿಸುವಂತಿದೆ. ಈ ಪ್ರದೇಶದ ಜೀವನಾಧಾರವು ತೆಂಗು ಮತ್ತು ರಾಗಿ. ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇರಿಸಿ, ಒಳಗಿನ ನೀರು ಇಂಗಿದ ಮೇಲೆ ಒಡೆದು ತೆಗೆಯುವ ಉಂಡೆ ಕೊಬ್ಬರಿಗೆ ತಿಪಟೂರು ದೇಶದಲ್ಲೆಲ್ಲ ಹೆಸರಾದ ಪೇಟೆ. ಬೆಂಗಳೂರಿನಿಂದ ಅರಸೀಕೆರೆಗೆ ಹೋಗುವ ರೈಲುಮಾರ್ಗವು ಅಮ್ಮಸಂದ್ರ, ತಿಪಟೂರುಗಳ ಮೂಲಕ ಹಾದುಹೋಗುತ್ತದೆ. ಅಮ್ಮಸಂದ್ರದಲ್ಲಿ ಸ್ಥಾಪಿತವಾದ ಸಿಮೆಂಟು ಕಾರ್ಖಾನೆಯು ೧೯೬೦ರ ದಶಕದಲ್ಲಿ ಈ ಸೀಮೆಗೆ ತಿಂಗಳ ಸಂಬಳದ ಕುಟುಂಬಗಳನ್ನು ತಂದಿತು. ಹೀಗೆ ಕೊಬ್ಬರಿಯ ಹಣ, ರೈಲಿನ ಸೌಕರ್ಯ, ಕಾರ್ಖಾನೆಯ ಸಂಬಳ ಇವು ಮೂರೂ ಕೂಡಿದ ಈ ಸೀಮೆಯವರು, ತಿಪಟೂರಿಗೆ ಹೋಗಿ ಚಿತ್ರವನ್ನು ನೋಡಿಬರಬಲ್ಲವರೂ ಆಗಿದ್ದರು, ಊರಿಗೆ ಬರುವ ಡೇರೆಗಾಗಿ ಕಾಯುವವರೂ ಆಗಿದ್ದರು.

ಡೇರೆಯ ಸಿನಿಮಾವನ್ನು ಕಾಣದ ಇಂದಿನ ವಿದ್ಯಾರ್ಥಿಗಳಿಗಾಗಿ ಅದರ ಸ್ವರೂಪವನ್ನು ಕಿಂಚಿತ್ ವಿವರಿಸುವುದು ಅವಶ್ಯ. ೧೯೬೪ರ ಸಿನಿಮಾ ನಿಯಂತ್ರಣದ ಅಧಿನಿಯಮದ ಮೇರೆಗೆ ಸಂಚಾರಿ ಸಿನಿಮಾಗಳಿಗೂ ಪರವಾನಗಿಯು ಬೇಕಾಗಿದ್ದಿತು. ರಾಗಿಯ ಒಕ್ಕಣೆ ಮುಗಿದು ಮಳೆ ಹಿಡಿಯುವವರೆಗಿನ ತಿಂಗಳುಗಳು ಅದಕ್ಕೆ ಅನುಕೂಲವಾದ ಕಾಲ. ಗಾಡಿಯಲ್ಲಿ ಧ್ವನಿವರ್ಧಕವನ್ನು ಕಟ್ಟಿಕೊಂಡು ಸುತ್ತಣ ಹಳ್ಳಿಗಳಿಗೆ ಸಾರಿ, ಬಣ್ಣದ ಕರಪತ್ರಗಳನ್ನು ಎರಚುತ್ತಿದ್ದರು. ಘಂಟಸಾಲರು ಹಾಡಿದ ವೆಂಕಟೇಶಸ್ತುತಿಯು ಕೇಳಿಬಂದರೆ ಆಟವು ಆರಂಭವಾಗಲಿದೆಯೆಂದು ಅರ್ಥ. ನೆಲ, ಬೆಂಚು, ಕುರ್ಚಿ ಎಂಬ ಮೂರು ತರಗತಿಗಳು. ನೆಲದಲ್ಲಿ ಹೆಂಗಸರಿಗೂ ಗಂಡಸರಿಗೂ ಬೇರೆ ಬೇರೆ ಪಾಲು. ಯಂತ್ರವು ಸಾಮಾನ್ಯವಾಗಿ ಒಂದೇ ಇರುತ್ತಿದ್ದಿತಾದುದರಿಂದ ಒಂದು ಸುರುಳಿ ಮುಗಿದು ಮತ್ತೊಂದನ್ನು ಏರಿಸುವವರೆಗೆ ದೀಪವು ಹತ್ತುತ್ತಿದ್ದಿತು. ಕಡಲೆಕಾಯಿ, ಸೋಡಾಗಳ ವ್ಯಾಪಾರವು ನಡೆಯುತ್ತಿದ್ದಿತು. ಅಲ್ಲಿಯವರೆಗಿನ ಕಥೆಯ ವಿಮರ್ಶೆಯೂ ನಡೆಯುತ್ತಿದ್ದಿತು.

ಈ ವಿವರಗಳು ನಮ್ಮ ಪ್ರಶ್ನೆಗೆ ಹೊರತಾದುವಲ್ಲ. ಪತ್ತೇದಾರಿ ಚಿತ್ರದ ಜೀವವು ಕುತೂಹಲ. ಕುತೂಹಲವು ಕೆರಳಿದ ಸಮಯದಲ್ಲಿ ದೀಪವು ಹತ್ತಿದರೆ ಅದರ ಕಾವು ಇಳಿಯುವುದು ಸಹಜ. ಅದೂ ಅಲ್ಲದೆ ನಗರದಲ್ಲಿ ತೆರೆಕಂಡ ಚಿತ್ರವು ಡೇರೆಗೆ ಬರುವ ಹೊತ್ತಿಗೆ ಬಹುಕಾಲ ಕಳೆದಿರುತ್ತಿದ್ದಿತು. ತಿಪಟೂರಿನಲ್ಲಿ ನೋಡಿಬಂದವರು ಖಳನು ಯಾರೆಂಬುದನ್ನು ಮೊದಲೇ ಹೇಳಿಬಿಟ್ಟಿರುತ್ತಿದ್ದರು. ಗುಟ್ಟು ತಿಳಿದ ಮೇಲೂ ಸವಿಯಬಹುದಾದುದು ಯಾವುದೋ ಅದೇ ಡೇರೆಯಲ್ಲಿ ನಿಲ್ಲುವಂತಹುದು. ನರಸಿಂಹರಾಜು ಅವರ ಹಾಸ್ಯವು ಅಂತಹುದಾಗಿದ್ದಿತೆಂದು ನಾವು ಊಹಿಸುತ್ತೇವೆ.

೪

ದಂಡಿನಶಿವರದ ಸುತ್ತಿನಲ್ಲಿ ಈ ಚಿತ್ರಗಳನ್ನು ಎಳೆಯ ವಯಸ್ಸಿನಲ್ಲಿ ನೋಡಿದ ಹಿರಿಯರ ಮಾತುಗಳನ್ನು ಕೇಳಿದಾಗ ಮುಖ್ಯವಾಗಿ ನಾಲ್ಕು ಬಗೆಯ ಅಭಿಪ್ರಾಯಗಳು ನಮಗೆ ಕಂಡುಬಂದುವು. ನೆನಪಿನಲ್ಲಿ ನಾಲ್ಕು ಚಿತ್ರಗಳೂ ಒಂದಾಗಿ ಬೆರೆತುಹೋಗುವುದುಂಟು. ೧೯೭೮ರ ಚಿತ್ರದ ದೃಶ್ಯವನ್ನು ೧೯೬೮ರದೆಂದು ಹೇಳುವುದೂ ಉಂಟು. ಆದುದರಿಂದ ಇಂತಹ ದೃಶ್ಯವು ಇಂತಹ ಚಿತ್ರದಲ್ಲಿದ್ದಿತು ಎಂಬುದಕ್ಕೆ ಈ ಮಾತುಗಳನ್ನು ನಾವು ಪ್ರಮಾಣವಾಗಿ ಬಳಸಿಲ್ಲ. ನೋಡಿದವರು ಯಾವ ಅಳತೆಗೋಲಿನಿಂದ ಅಳೆದರು ಎಂಬುದಕ್ಕೆ ಮಾತ್ರ ಬಳಸಿದ್ದೇವೆ.

ಮೊದಲನೆಯದು ಆಕ್ಷೇಪಣೆ. ರಾಜಕುಮಾರರು ೧೯೫೪ರ ‘ಬೇಡರ ಕಣ್ಣಪ್ಪ’ದಿಂದ ಜನಮನದಲ್ಲಿ ನೆಲೆಯಾದವರು. ಕನಕದಾಸ, ಕಬೀರ, ತುಕಾರಾಮ, ಹರಿಶ್ಚಂದ್ರ ಈ ಪಾತ್ರಗಳನ್ನು ಅವರಲ್ಲಿ ಕಂಡ ಜನರಿಗೆ ಡೇರೆಯು ಹರಿಕಥೆಯ ಚಪ್ಪರಕ್ಕೆ ಸಮೀಪದ ಸ್ಥಳವಾಗಿದ್ದಿತು. ಸತ್ಯಕ್ಕಾಗಿ ಸುಡುಗಾಡನ್ನು ಕಾದವನು ಕೋಟು ತೊಟ್ಟು, ಪಿಸ್ತೂಲು ಹಿಡಿದು, ಹೋಟೆಲುಗಳ ಕುಣಿತದ ನಡುವೆ ತಿರುಗುವುದು ಅವರಿಗೆ ಸರಿದೋರಲಿಲ್ಲ. ಹೆಂಗಸರ ಪಾಲಿನಲ್ಲಿ ಕುಳಿತವರಲ್ಲಿ ಅನೇಕರು ಈ ಮಾತನ್ನೇ ಇನ್ನೊಂದು ರೀತಿಯಲ್ಲಿ ಹೇಳುವರು : ಆ ಚಿತ್ರಗಳಲ್ಲಿ ಮನೆಯಿಲ್ಲ, ತಾಯಿಯಿಲ್ಲ, ಅಳುವುದಕ್ಕೆ ಎಡೆಯಿಲ್ಲ, ಹಾಡುಗಳು ಚೆನ್ನಾಗಿದ್ದುವು, ಕುಣಿತವನ್ನು ಮಾತ್ರ ಮಕ್ಕಳ ಜೊತೆಯಲ್ಲಿ ಕುಳಿತು ನೋಡುವುದು ಕಷ್ಟವಾಗಿದ್ದಿತು.

ಎರಡನೆಯದು ಅಭಿಮಾನ. ಅಲ್ಲಿಯವರೆಗೆ ಪಿಸ್ತೂಲು ಹಿಡಿದು ವೇಗವಾಗಿ ಕಾರು ನಡೆಸುವ ವೀರನು ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ತಮಿಳಿನಲ್ಲಿಯೋ ಮಾತನಾಡುವವನಾಗಿದ್ದನು. ಅದೇ ದಶಕದ ಆದಿಯಲ್ಲಿ ಅ. ನ. ಕೃಷ್ಣರಾಯರೇ ಮೊದಲಾದವರು ಡಬ್ಬಿಂಗ್ ಚಿತ್ರಗಳ ವಿರುದ್ಧವಾಗಿ, ಕನ್ನಡ ಚಿತ್ರಗಳ ಪರವಾಗಿ ಚಳವಳಿಯನ್ನು ನಡೆಸಿದ್ದರು. ಕನ್ನಡವು ಪುರಾಣಕ್ಕೂ ಭಕ್ತಿಗೂ ಮಾತ್ರ ತಕ್ಕ ಭಾಷೆ, ಹೊಸ ಕಾಲದ ಸಾಹಸಕ್ಕೆ ಸಲ್ಲದು ಎಂಬ ಹೀಯಾಳಿಕೆಯನ್ನು ಕೇಳಿ ನೊಂದಿದ್ದ ತರುಣರಿಗೆ ೯೯೯ನು ಉತ್ತರವಾಗಿ ಬಂದನು. ಚಿತ್ರದ ಗುಣದೋಷಗಳ ಮಾತೆತ್ತಿದರೆ ಇವರು ಇಂದಿಗೂ ಸಿಟ್ಟಾಗುವರು. ಅವರ ದೃಷ್ಟಿಯಲ್ಲಿ ಅದು ಚಿತ್ರಕ್ಕಿಂತ ಮಿಗಿಲಾಗಿ ಒಂದು ಹಕ್ಕಿನ ಸ್ಥಾಪನೆ.

ಮೂರನೆಯದು ಓದುಗರ ಅಭಿಪ್ರಾಯ. ಎನ್. ನರಸಿಂಹಯ್ಯನವರ ‘ಪತ್ತೇದಾರ ಪುರುಷೋತ್ತಮ’ವು ೧೯೫೨ರಲ್ಲಿ ಪ್ರಕಟವಾದ ಮೇಲೆ ಕನ್ನಡದಲ್ಲಿ ಪತ್ತೇದಾರಿ ಕಾದಂಬರಿಗಳ ಪ್ರವಾಹವೇ ಹರಿಯಿತು. ಹೆಚ್ಚಿನ ಶಾಲಾಶಿಕ್ಷಣವಿಲ್ಲದ ಈ ಲೇಖಕರು ತಮ್ಮ ಜೀವಮಾನದಲ್ಲಿ ಐನೂರು ಕಾದಂಬರಿಗಳ ಆಸುಪಾಸಿನಲ್ಲಿ ಬರೆದರು. ಅಲ್ಪಬೆಲೆಯ ಆ ಪುಸ್ತಕಗಳು ಕೈಯಿಂದ ಕೈಗೆ ಸಾಗಿ ಸವೆದುಹೋಗುವವರೆಗೂ ಓದಲ್ಪಟ್ಟುವು. ಈ ಓದಿನಲ್ಲಿ ಪಳಗಿದವರು ಚಿತ್ರವನ್ನು ಸುಳಿವು, ಸಂಶಯ, ಪರಿಹಾರಗಳ ಲೆಕ್ಕದಲ್ಲಿ ನೋಡಿದರು. ಅವರ ದೂರು ಇಷ್ಟೆ : ಅಪರಾಧಿಯು ಯಾರೆಂಬುದು ಬೇಗ ತಿಳಿದುಬಿಡುತ್ತದೆ, ನಾಯಕನು ಬುದ್ಧಿಯಿಂದ ಗೆಲ್ಲುವುದಕ್ಕಿಂತ ತೋಳಿನಿಂದ ಗೆಲ್ಲುತ್ತಾನೆ, ಕುತೂಹಲವು ಏರುವ ಹೊತ್ತಿಗೆ ಹಾಸ್ಯದವನು ಬಂದು ಅದನ್ನು ಕೆಡಿಸುತ್ತಾನೆ. ಬೆಂಗಳೂರಿನಲ್ಲಿ ಓದಿ, ಇಂಗ್ಲಿಷ್ ಚಿತ್ರಗಳನ್ನು ನೋಡಿಬಂದ ಕೆಲವರು ಇದಕ್ಕೆ ಇನ್ನೊಂದನ್ನು ಕೂಡಿಸಿದರು : ಇದೆಲ್ಲವೂ ಅನುಕರಣ.

ನಾಲ್ಕನೆಯದು ನಗುವಿನ ಪಕ್ಷ. ಇದರಲ್ಲಿ ಎಲ್ಲ ವಯಸ್ಸಿನವರೂ ಇದ್ದಾರೆ. ಕಥೆಯನ್ನು ಕೇಳಿದರೆ ಹೇಳಲಾರರು. ನರಸಿಂಹರಾಜು ಹೇಗೆ ಬೆದರಿದರು, ಹೇಗೆ ಹಲ್ಲು ತೋರಿಸಿದರು, ಹೇಗೆ ತಪ್ಪಿಸಿಕೊಂಡರು ಎಂಬುದನ್ನು ಅಭಿನಯಿಸಿ ತೋರಿಸುವರು. ಇವರ ಮಾತಿನಲ್ಲಿ ಊರಿನ ಮಮತೆಯೂ ಬೆರೆತಿದೆಯೆಂಬುದನ್ನು ನಾವು ಮರೆಯಲಾಗದು. ರಾಜಕುಮಾರರನ್ನು ‘ಅವರು’ ಎಂದೇ ಹೇಳುವ ಮುದುಕರು ನರಸಿಂಹರಾಜು ಅವರನ್ನು ‘ನಮ್ಮ ತಿಪಟೂರಿನವನು’ ಎಂದು ಏಕವಚನದಲ್ಲಿ ಕರೆಯುವರು. ಅದು ಅಗೌರವವಲ್ಲ, ಮನೆಯ ಹುಡುಗನಿಗೆ ಸಲ್ಲುವ ಸಲಿಗೆ.

೫

ಈ ನಾಲ್ಕು ಅಭಿಪ್ರಾಯಗಳು ಒಂದಕ್ಕೊಂದು ವಿರುದ್ಧವಾಗಿ ತೋರಿದರೂ ಸೂಕ್ಷ್ಮವಾಗಿ ನೋಡಿದರೆ ಇವುಗಳಲ್ಲಿ ಒಂದು ಕ್ರಮವು ಗೋಚರಿಸುತ್ತದೆ. ಮೊದಲ ಪಕ್ಷದವರು ಚಿತ್ರವನ್ನು ಭಕ್ತಿಯ ಚಿತ್ರಗಳಿಂದ ಅಳೆದರು. ಎರಡನೆಯವರು ಪರಭಾಷೆಯ ಚಿತ್ರಗಳಿಂದ ಅಳೆದರು. ಮೂರನೆಯವರು ಮುದ್ರಿತ ಕಾದಂಬರಿಯಿಂದ ಅಳೆದರು. ನಾಲ್ಕನೆಯವರು ಕಂಪನಿಯ ನಾಟಕದಿಂದ ಅಳೆದರು. ಅಭಿಪ್ರಾಯಭೇದಕ್ಕೆ ರುಚಿಭೇದವೊಂದೇ ಕಾರಣವೆಂದು ಹೇಳಿ ಸುಮ್ಮನಾಗುವುದು ಸುಲಭ. ಆದರೆ ಇಲ್ಲಿ ಮಾತನಾಡುತ್ತಿರುವುದು ನಾಲ್ಕು ಬೇರೆ ಬೇರೆ ಪೂರ್ವಾನುಭವಗಳು. ಇವುಗಳಲ್ಲಿ ಕೊನೆಯದು ಈ ಜಿಲ್ಲೆಯ ಚರಿತ್ರೆಗೆ ವಿಶೇಷವಾಗಿ ಸಂಬಂಧಿಸಿದುದರಿಂದ ಅದನ್ನು ಇನ್ನಷ್ಟು ವಿಚಾರಿಸಬೇಕಾಗಿದೆ.

ಬಾಂಡ್ ಚಿತ್ರಗಳ ನಾಯಕನು ಏಕಾಕಿ. ಅವನಿಗೆ ಮೇಲಧಿಕಾರಿಯಿದ್ದಾನೆ, ಸಹಾಯಕರಿದ್ದಾರೆ. ಆದರೆ ಚಿತ್ರದಿಂದ ಚಿತ್ರಕ್ಕೆ ಅವನ ಬೆನ್ನಿಗಂಟಿ ಬಂದು, ಅವನ ಶೌರ್ಯವನ್ನು ತನ್ನ ಅಂಜಿಕೆಯಿಂದ ಅಳೆದು ತೋರಿಸುವ ವಿನೋದದ ಜತೆಗಾರನಿಲ್ಲ. ಕನ್ನಡದ ೯೯೯ನು ಏಕಾಕಿಯಾಗಿ ಬರಲಿಲ್ಲ. ಪತ್ತೇದಾರರ ಜೋಡಿಯನ್ನು ಮುಂದಿಟ್ಟು ಹೊಡೆದಾಟವನ್ನೂ ನಗೆಯನ್ನೂ ಬೆರೆಸುವ ಚಿತ್ರಗಳು ಅಮೆರಿಕದಲ್ಲಿ ೧೯೮೦ರ ದಶಕದಲ್ಲಿ ಬಹಳವಾಗಿ ಪ್ರಚಾರಕ್ಕೆ ಬಂದುವು; ಅವುಗಳಿಂದ ಕಲಿಯುವ ಅವಕಾಶವು ೧೯೬೮ರ ಕನ್ನಡ ಚಿತ್ರಕ್ಕೆ ಇರಲಿಲ್ಲ. ಹಾಗಾದರೆ ಈ ಜತೆಗಾರನು ಎಲ್ಲಿಂದ ಬಂದನು?

ಸಂಸ್ಕೃತ ನಾಟಕದ ವಿದೂಷಕನನ್ನು ಪಂಡಿತರು ಕೂಡಲೆ ಸ್ಮರಿಸುವರು. ‘ಮೃಚ್ಛಕಟಿಕ’ದ ಮೈತ್ರೇಯನು ಚಾರುದತ್ತನ ಬಡತನದಲ್ಲಿಯೂ ಅವನನ್ನು ಬಿಡದ ಗೆಳೆಯನು. ಆದರೆ ದಂಡಿನಶಿವರದ ಪ್ರೇಕ್ಷಕನಿಗೆ ಮೈತ್ರೇಯನಿಗಿಂತ ಸಮೀಪದ ಬಂಧುಗಳಿದ್ದರು. ತಿಪಟೂರು, ತುರುವೇಕೆರೆಗಳ ಸೀಮೆಯು ಮೂಡಲಪಾಯದ ಬಯಲಾಟದ ನೆಲೆ. ಆ ಆಟದಲ್ಲಿ ಮೊದಲು ಕೋಡಂಗಿಯು ಬರುವನು. ಅನಂತರ ರಂಗಕ್ಕೆ ಬಂದ ರಾಜನನ್ನು ಸಾರಥಿಯು ಎದುರುಗೊಂಡು ಅವನ ಹೆಸರನ್ನೂ ಊರನ್ನೂ ಬಂದ ಕಾರಣವನ್ನೂ ಕೇಳುವನು. ಸಭೆಯಲ್ಲಿ ಕುಳಿತವನು ಕೇಳಬೇಕೆಂದಿದ್ದ ಪ್ರಶ್ನೆಯನ್ನೇ ಸಾರಥಿಯು ಸಭೆಯ ಪರವಾಗಿ, ಸಭೆಯ ಆಡುಮಾತಿನಲ್ಲಿ ಕೇಳುತ್ತಾನೆ. ಕಿರೀಟದವನಿಗೂ ಕಂಬಳಿಯವನಿಗೂ ನಡುವೆ ಅವನೊಂದು ಸೇತುವೆ.

ಎರಡನೆಯ ಬಂಧುವು ಕಂಪನಿಯ ನಾಟಕದ ಹಾಸ್ಯಗಾರ. ಇದೇ ಜಿಲ್ಲೆಯ ಗುಬ್ಬಿಯಲ್ಲಿ ೧೮೮೪ರಲ್ಲಿ ಸ್ಥಾಪಿತವಾದ ನಾಟಕ ಕಂಪನಿಯು ವೀರಣ್ಣನವರ ಕಾಲದಲ್ಲಿ ಕನ್ನಡನಾಡಿನಲ್ಲೆಲ್ಲ ಹೆಸರಾಯಿತು. ವೀರಣ್ಣನವರು ಸ್ವತಃ ಹಾಸ್ಯನಟರು. ‘ಸದಾರಮೆ’ಯ ಕಳ್ಳನ ಪಾತ್ರವು ಅವರಿಗೆ ಅಪಾರ ಕೀರ್ತಿಯನ್ನು ತಂದಿತು. ಕಂಪನಿಯ ಯಜಮಾನನೇ ಹಾಸ್ಯಗಾರನಾದ್ದರಿಂದ ಹಾಸ್ಯವು ಅಲ್ಲಿ ನಾಟಕದ ಅಂಚಿನ ಅಲಂಕಾರವಾಗಿ ಉಳಿಯಲಿಲ್ಲ, ಅದರ ಒಂದು ಕಂಬವೇ ಆಯಿತು. ನರಸಿಂಹರಾಜು ಅವರು ೧೯೨೩ರಲ್ಲಿ ತಿಪಟೂರಿನಲ್ಲಿ ಜನಿಸಿ, ಬಾಲ್ಯದಲ್ಲಿಯೇ ಕಂಪನಿ ನಾಟಕವನ್ನು ಸೇರಿ, ಆ ರಂಗದಲ್ಲಿಯೇ ಬೆಳೆದವರು. ಎಚ್. ಎಲ್. ಎನ್. ಸಿಂಹ ಅವರು ನಿರ್ದೇಶಿಸಿದ ‘ಬೇಡರ ಕಣ್ಣಪ್ಪ’ವು ರಾಜಕುಮಾರರನ್ನು ನಾಯಕರನ್ನಾಗಿ ಮಾಡಿದಂತೆಯೇ ನರಸಿಂಹರಾಜು ಅವರನ್ನೂ ತೆರೆಗೆ ತಂದಿತು. ಹೀಗೆ ೯೯೯ ಮತ್ತು ಅವನ ಜತೆಗಾರ ಇಬ್ಬರೂ ಒಂದೇ ಚಿತ್ರದಿಂದ, ಒಂದೇ ನಾಟಕಪರಂಪರೆಯಿಂದ ಹೊರಟುಬಂದವರು. ಅನುಕರಣದ ಆರೋಪವು ಕೋಟು, ಪಿಸ್ತೂಲು, ಅಂಕೆಯ ಹೆಸರು ಇವುಗಳ ವಿಷಯದಲ್ಲಿ ಸತ್ಯ; ಜೋಡಿಯ ವಿಷಯದಲ್ಲಿ ಅದು ಸಲ್ಲದು.

ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬಹುದು. ವೀರಣ್ಣನವರ ಕಾಲದಲ್ಲಿ ಈ ಸೀಮೆಯ ಜನರನ್ನು ನಗಿಸಿದವನು ಕಳ್ಳನು. ೧೯೬೮ರ ವೇಳೆಗೆ ನಗಿಸುವವನು ಕಳ್ಳರನ್ನು ಹಿಡಿಯುವವರ ಪಕ್ಷಕ್ಕೆ ಬಂದನು. ಸಂಸ್ಥಾನದ ಕಾಲದ ಪ್ರಜೆಯು ಅಧಿಕಾರವನ್ನು ವಂಚಿಸುವವನ ಜಾಣತನಕ್ಕೆ ನಕ್ಕನು; ಸ್ವತಂತ್ರ ದೇಶದ ಪ್ರಜೆಯು ಅಧಿಕಾರದ ಜೊತೆಯಲ್ಲಿ ನಡುಗುತ್ತ ನಡೆಯುವವನ ಪೇಚಿಗೆ ನಕ್ಕನು. ಸರ್ಕಾರವು ತನ್ನದೆಂಬ ಹೊಸ ಭಾವನೆಯೂ, ಪೊಲೀಸರ ಮುಂದೆ ನಿಲ್ಲುವಾಗಿನ ಹಳೆಯ ಅಂಜಿಕೆಯೂ ಈ ಒಂದೇ ನಗೆಯಲ್ಲಿ ಸೇರಿರುವಂತೆ ನಮಗೆ ತೋರುತ್ತದೆ. ಒಂದು ಪಾತ್ರದಿಂದ ಇಷ್ಟು ದೊಡ್ಡ ಬದಲಾವಣೆಯನ್ನು ಸಾಧಿಸಿ ತೋರಿಸುವುದು ಸಾಧ್ಯವಿಲ್ಲವಾದರೂ, ಮುಂದಿನ ಸಂಶೋಧಕರು ಗಮನಿಸತಕ್ಕ ಸೂಚನೆಯೆಂದು ಇದನ್ನು ಇಲ್ಲಿ ಇಟ್ಟಿದ್ದೇವೆ.

೬

ಈ ಜೋಡಿಯ ಮುಂದಿನ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬಹುದು. ೧೯೭೨ರಲ್ಲಿ ಕೆ. ಎಸ್. ಎಲ್. ಸ್ವಾಮಿಯವರು ನಿರ್ದೇಶಿಸಿದ ‘ಕುಳ್ಳ ಏಜೆಂಟ್ ೦೦೦’ದಲ್ಲಿ ಹಾಸ್ಯನಟ ದ್ವಾರಕೀಶರೇ ಗೂಢಚಾರರಾದರು. ಅಂದರೆ, ಜತೆಗಾರನು ನಾಯಕನ ಸ್ಥಾನವನ್ನೇ ಏರಿದನು. ೧೯೭೪ರಲ್ಲಿ ನರಸಿಂಹರಾಜು ಅವರು ‘ಪ್ರೊಫೆಸರ್ ಹುಚ್ಚೂರಾಯ’ವನ್ನು ತಾವೇ ನಿರ್ಮಿಸಿ ಅದರ ಮುಖ್ಯಪಾತ್ರವನ್ನು ವಹಿಸಿದರು. ೧೯೭೮ರಲ್ಲಿ ‘ಸಿಂಗಾಪುರದಲ್ಲಿ ರಾಜಾ ಕುಳ್ಳ’ ಬಂದಿತು. ಅದರಲ್ಲಿ ವಿಷ್ಣುವರ್ಧನ್ ಮತ್ತು ದ್ವಾರಕೀಶ್ ಸಮಸ್ಕಂಧರು, ಚಿತ್ರದ ಹೆಸರೇ ಇಬ್ಬರನ್ನೂ ಒಟ್ಟಿಗೆ ಕರೆಯುತ್ತದೆ. ನರಸಿಂಹರಾಜು ಅವರು ೧೯೭೯ರಲ್ಲಿ ನಿಧನರಾದರು. ಹತ್ತೇ ವರ್ಷಗಳಲ್ಲಿ ಜತೆಗಾರನು ಬೆನ್ನ ಹಿಂದಿನಿಂದ ಪಕ್ಕಕ್ಕೆ, ಪಕ್ಕದಿಂದ ಸಮಕ್ಕೆ ಬಂದನೆಂಬುದನ್ನು ನೋಡಿದರೆ, ನಗುವಿನ ಪಕ್ಷದ ಪ್ರೇಕ್ಷಕರು ಅಲ್ಪಸಂಖ್ಯಾತರಾಗಿರಲಿಲ್ಲವೆಂದು ತಿಳಿಯುತ್ತದೆ. ಚಿತ್ರಗಳನ್ನು ತಯಾರಿಸುವವರು ಅವರ ಮಾತನ್ನು ಕೇಳಿಸಿಕೊಂಡಿದ್ದರು; ಚರಿತ್ರೆಕಾರರು ಮಾತ್ರ ಕೇಳಿಸಿಕೊಳ್ಳಲಿಲ್ಲ.

ಆಕ್ಷೇಪಣೆಯ ಪಕ್ಷದವರ ಮಾತೂ ವ್ಯರ್ಥವಾಗಲಿಲ್ಲ. ‘ಜೇಡರ ಬಲೆ’ಯನ್ನು ಮಾಡಿದ ದೊರೈ-ಭಗವಾನರೇ ೧೯೭೧ರಲ್ಲಿ, ಅದೇ ರಾಜಕುಮಾರರನ್ನು ನಾಯಕರನ್ನಾಗಿ ಮಾಡಿ, ‘ಕಸ್ತೂರಿ ನಿವಾಸ’ವನ್ನು ಕೊಟ್ಟರು. ಕೊಡುವುದನ್ನೇ ಧರ್ಮವೆಂದು ತಿಳಿದು ಸರ್ವಸ್ವವನ್ನೂ ಕಳೆದುಕೊಳ್ಳುವವನ ಆ ಕಥೆಯಲ್ಲಿ ಮನೆಯಿದೆ, ಕಣ್ಣೀರಿದೆ, ಹರಿಶ್ಚಂದ್ರನ ನೆರಳೂ ಇದೆ. ನಿರ್ದೇಶಕರು ಇಬ್ಬರು ಪ್ರೇಕ್ಷಕರನ್ನೂ ಬಲ್ಲವರಾಗಿದ್ದರು. ಒಬ್ಬನನ್ನು ಬಿಟ್ಟು ಇನ್ನೊಬ್ಬನನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರೆ ಒಂದೇ ಕೈಗಳು ಈ ಎರಡು ಬಗೆಯ ಚಿತ್ರಗಳನ್ನು ಹೇಗೆ ಮಾಡಿದುವೆಂಬುದು ಅರ್ಥವಾಗದೆ ಉಳಿಯುತ್ತದೆ.

ಇಂದು ಈ ಚಿತ್ರಗಳನ್ನು ದೂರದರ್ಶನದ ವಾಹಿನಿಗಳಲ್ಲಿಯೂ ಕೈಫೋನುಗಳಲ್ಲಿಯೂ ನೋಡುವ ತರುಣರಿದ್ದಾರೆ. ೧೯೭೮ರ ಚಿತ್ರದಲ್ಲಿ ರಾಜಕುಮಾರರು ಇಂಗ್ಲಿಷ್ ಮಾತುಗಳಲ್ಲಿ ಹಾಡಿದ ಹಾಡು ಅಂತರ್ಜಾಲದ ಮೂಲಕ ಮತ್ತೊಮ್ಮೆ ಪ್ರಸಿದ್ಧಿಗೆ ಬಂದುದು ಎಲ್ಲರಿಗೂ ತಿಳಿದಿದೆ. ಇವರು ನಗುವ ಸ್ಥಳಗಳೇ ಬೇರೆ. ಅಜ್ಜನು ಉಸಿರು ಹಿಡಿದು ನೋಡಿದ ಹೊಡೆದಾಟಕ್ಕೆ ಮೊಮ್ಮಗನು ನಗುತ್ತಾನೆ. ಖಳನ ಯಂತ್ರಗಳಿಗೆ, ಮಿನುಗುವ ದೀಪಗಳಿಗೆ ನಗುತ್ತಾನೆ. ನರಸಿಂಹರಾಜು ಅವರ ಬೆದರಿಕೆಗೆ ಮಾತ್ರ ಇಬ್ಬರೂ ಒಟ್ಟಿಗೆ ನಗುತ್ತಾರೆ. ಅರ್ಧ ಶತಮಾನಕ್ಕೂ ಮೀರಿ ಹಳತಾಗದೆ ಉಳಿದುದು, ಕುತೂಹಲವನ್ನು ಕೆಡಿಸುತ್ತದೆಂದು ಅಂದಿನ ಜಾಣರು ದೂರಿದ ಆ ಹಾಸ್ಯವೇ ಎಂಬುದು ವಿಚಾರಾರ್ಹ.

೭

ಮೇಲಿನ ಚರ್ಚೆಯಿಂದ ನಾವು ತಲುಪುವ ನಿರ್ಣಯವು ಇಷ್ಟು. ಸಿ. ಐ. ಡಿ. ೯೯೯ ಚಿತ್ರಗಳ ಬಗೆಗಿನ ಅಭಿಪ್ರಾಯಭೇದವು ಚಿತ್ರಗಳ ಗುಣದೋಷಗಳಿಗಿಂತ ಪ್ರೇಕ್ಷಕರ ಪೂರ್ವಸಂಸ್ಕಾರವನ್ನು ಹೆಚ್ಚು ಸ್ಪಷ್ಟವಾಗಿ ತೋರಿಸುತ್ತದೆ. ಹೊರಗಿನಿಂದ ಬಂದ ಒಂದು ಮಾದರಿಯು ಈ ಸೀಮೆಯ ಡೇರೆಯನ್ನು ಹೊಕ್ಕಾಗ ಬಾಗಿಲಲ್ಲಿ ಅದನ್ನು ಎದುರುಗೊಂಡವನು ಹಾಸ್ಯದ ಜತೆಗಾರನು. ಅವನ ಮೂಲಕವೇ ಅದು ಇಲ್ಲಿಯದಾಯಿತು. ಮೆಚ್ಚಿದವರೂ ಮೆಚ್ಚದವರೂ ಬೇರೆ ಬೇರೆ ದಾರಿಗಳಿಂದ ಅವನ ವಿಷಯಕ್ಕೇ ಬಂದು ನಿಲ್ಲುವುದು ಇದಕ್ಕೆ ಸಾಕ್ಷಿ.

ಈ ಸಾಕ್ಷಿಯು ಬಹುಕಾಲ ದೊರೆಯುವುದಿಲ್ಲವೆಂಬುದನ್ನು ನಮ್ಮ ವಿದ್ಯಾರ್ಥಿಗಳು ಅರಿಯಬೇಕು. ಕನ್ನಡದ ಮೊದಲ ವಾಕ್ಚಿತ್ರವಾಗಿ ೧೯೩೪ರಲ್ಲಿ ತೆರೆಕಂಡ ‘ಸತಿ ಸುಲೋಚನ’ಕ್ಕೆ ಸಂಭಾಷಣೆಯನ್ನು ಬರೆದವರು ಇದೇ ಜಿಲ್ಲೆಯ ಬೆಳ್ಳಾವೆ ನರಹರಿಶಾಸ್ತ್ರಿಗಳು. ಆ ಚಿತ್ರದ ಪ್ರತಿಯು ಇಂದು ಲಭ್ಯವಿಲ್ಲ. ಅದನ್ನು ನೋಡಿದವರ ಮಾತನ್ನು ಅವರು ಬದುಕಿದ್ದಾಗ ಬರೆದಿಟ್ಟುಕೊಳ್ಳುವ ಕೆಲಸವೂ ನಡೆಯಲಿಲ್ಲ. ‘ಜೇಡರ ಬಲೆ’ಯ ವಿಷಯದಲ್ಲಿ ಪರಿಸ್ಥಿತಿಯು ಬೇರೆ. ಚಿತ್ರವು ಉಳಿದಿದೆ, ಅದನ್ನು ಡೇರೆಯ ನೆಲದಲ್ಲಿ ಕುಳಿತು ನೋಡಿದವರು ಎಪ್ಪತ್ತನ್ನು ದಾಟಿದ್ದಾರೆ, ದಾಟುತ್ತಿದ್ದಾರೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಾಲೇಜುಗಳ ಚರಿತ್ರೆಯ ವಿದ್ಯಾರ್ಥಿಗಳು ತಮ್ಮ ಮನೆಯ ಹಿರಿಯರನ್ನು ಈ ವಿಷಯವಾಗಿ ಪ್ರಶ್ನಿಸಿ, ಅವರು ಹೇಳಿದುದನ್ನು ಹೇಳಿದಂತೆಯೇ ಬರೆದು, ಊರನ್ನೂ ಕಾಲವನ್ನೂ ನಮೂದಿಸಿ, ಕಾಲೇಜಿನ ಗ್ರಂಥಾಲಯದಲ್ಲಿ ಇರಿಸುವುದು ಸಾಧ್ಯವಿರುವ ಕೆಲಸ. ‘ಚೆನ್ನಾಗಿದ್ದಿತೆ?’ ಎಂದು ಕೇಳಿದರೆ ಸಾಲದು, ‘ಯಾವುದಕ್ಕಿಂತ ಚೆನ್ನಾಗಿದ್ದಿತು?’ ಎಂದು ಕೇಳಬೇಕು. ಆ ಎರಡನೆಯ ಪ್ರಶ್ನೆಗೆ ಬರುವ ಉತ್ತರದಲ್ಲಿಯೇ ಚರಿತ್ರೆಯ ಸಾಮಗ್ರಿಯಿದೆ.